ಒಂದೇ ಒಂದು ಆಕ್ಷೇಪಣೆ

ಭೂಬಳಕೆ ಕಚೇರಿಯ ನೋಟಿಸ್ ಬೋರ್ಡು ನೋಡಿದ್ದೇ ಮೇಷ್ಟ್ರಿಗೆ ಮೈ ಉರಿದುಹೋಯಿತು. ಅವರ ಶಾಲೆಯ ಅರ್ಜಿಯ ಎದುರು ಒಂದೇ ಒಂದು ಆಕ್ಷೇಪಣೆ ದಾಖಲಾಗಿತ್ತು. ಕೊಟ್ಟವಳು ಪಕ್ಕದ ಜಮೀನಿನ ನರ್ಸಮ್ಮ.

ಗುಮಾಸ್ತ ಕಿಟಕಿಯ ಆಚೆಯಿಂದಲೇ ಕೇಳಿದ. “ಫೈಲಿನಲ್ಲಿದೆ ಸಾರ್. ಓದ್ತೀರಾ?”

“ಅದರಲ್ಲಿ ಓದೋಕೇನಿದೆ? ಆಕ್ಷೇಪಣೆ ಅಂತ ಇಷ್ಟು ದಪ್ಪಕ್ಕೆ ಬರ್ದಿದೆಯಲ್ಲ.”

ಹನ್ನೊಂದು ವರ್ಷದಿಂದ ಮೇಷ್ಟ್ರು ಹಳೆಯ ಗೋದಾಮೊಂದರಲ್ಲಿ ಶಾಲೆ ನಡೆಸುತ್ತಿದ್ದರು. ತಗಡಿನ ಸೂರು, ಹಲಗೆ ಅಡ್ಡ ನಿಲ್ಲಿಸಿ ಮಾಡಿದ ನಾಲ್ಕು ತರಗತಿ, ನೂರ ಹನ್ನೆರಡು ಮಕ್ಕಳು. ಪರೀಕ್ಷೆ ಮುಗಿಯುತ್ತಲೇ ಖಾಲಿ ಮಾಡಬೇಕೆಂದು ಗೋದಾಮಿನ ಮಾಲೀಕ ಕಡ್ಡಿ ಮುರಿದಂತೆ ಹೇಳಿದ್ದ. ಊರೆಲ್ಲ ಅಲೆದ ಮೇಲೆ ಹೆದ್ದಾರಿಗೆ ಅಂಟಿಕೊಂಡ ಒಂದು ಪಟ್ಟಿ ಜಾಗ ಸಿಕ್ಕಿತ್ತು. ಅದು ಕೃಷಿ ವಲಯದಲ್ಲಿತ್ತು. ಭೂಬಳಕೆ ಸಮಿತಿ ವಲಯ ಬದಲಿಸಿಕೊಟ್ಟರೆ ಶಾಲೆ ಉಂಟು, ಇಲ್ಲವಾದರೆ ಇಲ್ಲ.

ಆ ಪಟ್ಟಿಯ ಬೆನ್ನಿಗೇ ನರ್ಸಮ್ಮನ ಎಂಟು ಎಕರೆ, ಅದರ ನಡುವೆ ಅವಳ ಮನೆ. ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದ ಮೇಲೆ ಒಂಟಿ ಜೀವ. ಮೇಷ್ಟ್ರಿಗೆ ಈಗ ಒಂದೊಂದಾಗಿ ಹೊಳೆಯತೊಡಗಿತು. ಹೋದ ತಿಂಗಳು ಅವಳು ಆ ಪಟ್ಟಿ ಜಾಗದ ಅಗಲವನ್ನು ಹೆಜ್ಜೆ ಹಾಕಿ ಅಳೆಯುತ್ತಿದ್ದಳು. ರಸ್ತೆಯಂಚಿಗೆ ನಿಂತು ಬರುವ ಲಾರಿಗಳನ್ನು ನೋಡುತ್ತಿದ್ದಳು. ಒಂದು ದಿನ ಗೋದಾಮಿಗೇ ಬಂದು, ಎಷ್ಟು ಮಕ್ಕಳು, ಇಷ್ಟೂ ಮಕ್ಕಳು ಆ ಹೊಸ ಜಾಗದಲ್ಲಿ ಆಡುವುದೆಲ್ಲಿ ಎಂದು ಕೇಳಿದ್ದಳು. ತನ್ನ ಜಮೀನಿಗೆ ಮಕ್ಕಳು ನುಗ್ಗಿಬಿಟ್ಟಾರೆಂಬ ಸಂಕಟ ಮುದುಕಿಗೆ!

ಹೆಂಡತಿ ಮಾತ್ರ ಒಪ್ಪಲಿಲ್ಲ. “ಹೋಗಿ ಒಂದು ಮಾತು ಕೇಳ್ಕೊಂಡು ಬನ್ನಿ. ನಮ್ಮ ಮಗಳು ಹುಟ್ಟಿದಾಗ ಹೆರಿಗೆ ಮಾಡಿಸಿದ ಕೈ ಅದು.”

“ಆ ಕೈಯೇ ಈಗ ನೂರ ಹನ್ನೆರಡು ಮಕ್ಕಳ ಕತ್ತು ಹಿಸುಕ್ತಿದೆ,” ಎಂದರು ಮೇಷ್ಟ್ರು. ಚಪ್ಪಲಿ ಮೆಟ್ಟಿ ಹೊರಟವರು ನರ್ಸಮ್ಮನ ಮನೆಯನ್ನು ದಾಟಿ ಸೋಲಾರ್ ಕಂಪನಿಯ ಏಜೆಂಟನಲ್ಲಿಗೆ ಹೋದರು.

ಆ ಕಂಪನಿ ನರ್ಸಮ್ಮನ ಎಂಟು ಎಕರೆಗೆ ಎರಡು ಸಲ ಕೈಚಾಚಿ ಬರಿಗೈಲಿ ಮರಳಿತ್ತು. ಅದು ಬೇರೆ ಕೆಲಸಕ್ಕೆ ಬೇಕು ಎಂದಷ್ಟೇ ಹೇಳಿ ಅವಳು ಬಾಗಿಲು ಹಾಕಿಕೊಂಡಿದ್ದಳು. ಆದರೆ ಸಮಿತಿ ಒಮ್ಮೆ ಸೌರ ವಲಯವೆಂದು ಗುರುತಿಸಿಬಿಟ್ಟರೆ ಒಡೆಯರ ಒಪ್ಪಿಗೆ ಬೇಕಿಲ್ಲ, ಪರಿಹಾರ ಕೊಟ್ಟು ಎಬ್ಬಿಸಬಹುದು. ಅದಕ್ಕೆ ಊರಿನವರ ಬೆಂಬಲ ಬೇಕು, ಅದೊಂದೇ ಕೊರತೆ ಎಂದು ಏಜೆಂಟ್ ನಿಟ್ಟುಸಿರಿಟ್ಟ. ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಜಮೀನು ಹೋದರೆ ಅವಳು ಪಕ್ಕದವಳಲ್ಲ. ಪಕ್ಕದವಳಲ್ಲದಿದ್ದರೆ ಅವಳ ಆಕ್ಷೇಪಣೆಗೆ ಕವಡೆ ಕಿಮ್ಮತ್ತಿಲ್ಲ.

ಮನವಿಯನ್ನು ತಾವೇ ಬರೆದರು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ. ‘ಮಕ್ಕಳನ್ನು ಕಂಡರಾಗದ ಒಬ್ಬರ ಹಠಕ್ಕೆ ಊರು ಕತ್ತಲಲ್ಲಿರಬೇಕೆ?’ ಎಂಬ ಸಾಲು ಅವರಿಗೇ ಬಹಳ ಹಿಡಿಸಿತು. ನಾಲ್ಕೇ ದಿನದಲ್ಲಿ ಮುನ್ನೂರು ಸಹಿ ಬಿತ್ತು.

ವಿಚಾರಣೆಯ ಬೆಳಿಗ್ಗೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲು ಸೋಲಾರ್ ಯೋಜನೆ. ಏಜೆಂಟ್ ನಕ್ಷೆ ಬಿಡಿಸಿದ, ಮೇಷ್ಟ್ರು ಮನವಿ ಓದಿದರು. ಹಠದ ಸಾಲಿಗೆ ಬಂದಾಗ ದನಿ ತುಸು ಏರಿಸಿದರು. ಅಧ್ಯಕ್ಷರು ಮಾತಾಡಲು ಮೂರು ನಿಮಿಷ ಕೊಟ್ಟಾಗ ನರ್ಸಮ್ಮ ಎದ್ದು ನಿಂತಳು. ಅಧ್ಯಕ್ಷರ ಕಡೆ ತಿರುಗಲೇ ಇಲ್ಲ.

“ನಾನು ಬರ್ದಿದ್ದು ಓದಿದ್ರಾ ಮೇಷ್ಟ್ರೇ?”

“ನಿಮ್ಮ ಮನಸ್ಸೇ ಗೊತ್ತಾಯ್ತಲ್ಲಮ್ಮ. ಇನ್ನು ಓದೋದೇನು ಬಂತು?”

ಹಿಂದೆ ಕೂತಿದ್ದ ತಂದೆತಾಯಿಗಳು ಗೊಳ್ಳೆಂದು ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. ನರ್ಸಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಳು. ಏಳು ಸದಸ್ಯರಲ್ಲಿ ಆರು ಜನ ಕೈ ಎತ್ತಿದರು. ಎಂಟು ಎಕರೆ ಸೌರ ವಲಯವಾಯಿತು.

ಎರಡನೆಯದು ಶಾಲೆ. ಆಕ್ಷೇಪಣೆಯ ಬಗ್ಗೆ ಏನು ಹೇಳುತ್ತೀರಿ ಎಂದು ಅಧ್ಯಕ್ಷರು ಕೇಳಿದರು.

“ಇನ್ನು ಅದಕ್ಕೆ ಅರ್ಥ ಇಲ್ಲ ಸ್ವಾಮಿ. ಬಿಟ್ಬಿಡಿ,” ಎಂದಳು ನರ್ಸಮ್ಮ. ಕುರ್ಚಿಗಳ ಬೆನ್ನು ಹಿಡಿದುಕೊಂಡು ಒಂದೊಂದೇ ಹೆಜ್ಜೆಯಿಡುತ್ತ ಹೊರಗೆ ಹೋದಳು. ಮೇಷ್ಟ್ರ ಎದೆ ಹಗುರಾಯಿತು.

ಆಗ ತಾಂತ್ರಿಕ ಅಧಿಕಾರಿ ನಿಯಮದ ಪುಸ್ತಕ ಹಿಡಿದು ಎದ್ದ. ವಿದ್ಯುತ್ ಕೇಂದ್ರದಿಂದ ಇನ್ನೂರು ಮೀಟರಿನೊಳಗೆ ಶಾಲೆ ಕಟ್ಟುವಂತಿಲ್ಲ. ಈಗಷ್ಟೇ ಒಪ್ಪಿಗೆಯಾದ ನಕ್ಷೆಯ ಪ್ರಕಾರ ಸೋಲಾರ್ ಕೇಂದ್ರ ಬರುವುದು ಈ ಪಟ್ಟಿಯಿಂದ ತೊಂಬತ್ತು ಮೀಟರ್ ದೂರಕ್ಕೆ. ಎರಡು ನಿಮಿಷದಲ್ಲಿ ಅರ್ಜಿ ವಜಾ ಆಯಿತು.

ಮೇಷ್ಟ್ರು ಎದ್ದು ನಿಂತರು. “ಮೊದ್ಲೇ ಯಾಕೆ ಹೇಳ್ಲಿಲ್ಲ ಸಾರ್?”

“ಬೆಳಿಗ್ಗೆವರೆಗೂ ಅಲ್ಲಿ ಕೇಂದ್ರ ಇರ್ಲಿಲ್ಲವಲ್ಲ. ತಂದಿದ್ದು ನೀವೇ.”

ಸಭಾಂಗಣ ಖಾಲಿಯಾಯಿತು. ಮಕ್ಕಳನ್ನು ಇನ್ನು ಎಲ್ಲಿಗೆ ಕಳಿಸೋದು ಎಂದು ಒಬ್ಬ ತಾಯಿ ಮೇಷ್ಟ್ರನ್ನು ಕೇಳಿ ಹೋದಳು. ಫೈಲು ಮುಚ್ಚಲು ಅರ್ಜಿದಾರರ ಸಹಿ ಬೇಕೆಂದು ಗುಮಾಸ್ತ ಕರೆದ. ಎಲ್ಲಕ್ಕಿಂತ ಮೇಲೆ ನರ್ಸಮ್ಮನ ಕಾಗದವಿತ್ತು.

“ಕಚೇರೀಲಿರೋದು ಈ ಆಕ್ಷೇಪಣೆ ಫಾರಂ ಒಂದೇ ಸಾರ್,” ಎಂದ ಗುಮಾಸ್ತ ತಗ್ಗಿದ ದನಿಯಲ್ಲಿ. “ಯಾರಿಗೆ ಏನು ಹೇಳೋದಿದ್ರೂ ಇದ್ರಲ್ಲೇ ಬರೀಬೇಕು.”

ಮೇಷ್ಟ್ರು ಓದಿದರು: ‘ಈ ಪಟ್ಟಿ ಜಾಗ ಮಕ್ಕಳಿಗೆ ಸಾಲದು, ಲಾರಿಗಳ ಭಯವೂ ಇದೆ, ಆದ್ದರಿಂದ ಶಾಲೆ ಇಲ್ಲಿ ಬೇಡ, ಹಿಂದಿರುವ ನನ್ನ ಎಂಟೂ ಎಕರೆಯನ್ನು ಮನೆ ಸಮೇತ ಮೇಷ್ಟ್ರ ಶಾಲೆಗೆ ದಾನವಾಗಿ ಬರೆದುಕೊಡುತ್ತಿದ್ದೇನೆ.’