ಲಡಾಖಿಗೆ ಹೊರಟ ಕಾರು

ಡಾಕ್ಟರು ಹೇಳಿದ್ದು ಮೂರು ತಿಂಗಳು. ಲ್ಯಾನ್ಸಿಗೆ ಉಳಿದ ಆಸೆ ಒಂದೇ: ತನ್ನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರನ್ನು ಲಡಾಖಿನವರೆಗೆ ಓಡಿಸಬೇಕು. ಎರಡು ತಿಂಗಳು ಕಳೆದರೂ ಕಾರು ದೂರದ ದಾರಿಗೆ ಸಜ್ಜಾಗಲಿಲ್ಲ. ಹೆಂಡತಿ ಫಿಲೋಮಿನಾ ಮೆಕ್ಯಾನಿಕ್ ಹಮೀದನಲ್ಲಿಗೆ ಹೋಗಿ ಗೋಗರೆದಳು.

"ಒಮ್ಮೆ ಸರಿ ಮಾಡಿಕೊಡಿ ಮಾರಾಯ್ರೆ. ಅವರಿಗೆ ಹೆಚ್ಚು ದಿನ ಇಲ್ಲ."

"ನಾನು ಪ್ರತಿ ವಾರ ಮನೆಗೆ ಬಂದು ಸರಿ ಮಾಡ್ತೇನೆ ಬಾಯಮ್ಮ. ಮರುದಿನ ನೋಡಿದ್ರೆ ರೇಡಿಯೇಟರಿನ ಪೈಪು ಯಾರೋ ಬಿಚ್ಚಿರ್ತಾರೆ."

ಅವಳು ಮನೆಯ ಶೆಡ್ಡಿಗೆ ಓಡಿಬಂದಳು. ಲ್ಯಾನ್ಸಿ ಬಾನೆಟ್ ಎತ್ತಿ, ಸ್ಪ್ಯಾನರ್ ಹಿಡಿದು ಅದೇ ಪೈಪನ್ನು ಬಿಚ್ಚುತ್ತಿದ್ದ.

"ಎಂತ ಮಾಡ್ತಿದ್ದೀರಿ ನೀವು?"

"ಕಾರು ಸರಿಯಾದ್ರೆ ಹೊರಡ್ಬೇಕಲ್ಲ, ಫಿಲೂ. ಹೋಗಿ ಬಂದ ಮೇಲೆ ನನಗೆ ಎಂತ ಉಂಟು?"

ಬಿಗಿಯಾಗಿದ್ದ ನಟ್ಟು ಅವನ ಕೈಗೆ ಬಗ್ಗಲಿಲ್ಲ. ಅವಳು ಸ್ಪ್ಯಾನರ್ ತೆಗೆದುಕೊಂಡು ತಾನೇ ಬಿಚ್ಚಿದಳು.