ಪೂಜೆಗಿಟ್ಟ ಫ್ಲಾಪಿ

ಎರಡೂ ಫ್ಲಾಪಿಗಳಿಗೆ ಕುಂಕುಮ ಹಚ್ಚಿತ್ತು. ಕಲ್ಯಾಣಮ್ಮ ಟೀಚರ್ ಸೆರಗಿನಿಂದ ಒರೆಸಿ ಒಂದನ್ನು ಕಂಪ್ಯೂಟರಿಗೆ ಹಾಕಿದರು, ತೆಗೆದರು, ಇನ್ನೊಂದನ್ನು ಹಾಕಿದರು. ಎರಡರಲ್ಲೂ ಏನೂ ಉಳಿದಿರಲಿಲ್ಲ.

"ಜಂಬಣ್ಣಾರ, ಇವನ್ನ ಎಲ್ಲಿ ಇಟ್ಟಿದ್ರಿ?"

"ದೀಪಾವಳಿ ಅಮಾಸಿ ಪೂಜಿಗೆ ಇಟ್ಟಿದ್ದೆ ನೋಡ್ರಿ ಅಕ್ಕೋರ," ಎಂದ ರೈಸ್‌ಮಿಲ್ಲಿನ ಮಾಲೀಕ ಜಂಬಣ್ಣ, ಹೆಮ್ಮೆಯಿಂದ. "ತಕ್ಕಡಿ, ತೂಕದ ಕಲ್ಲು ಎಲ್ಲಾ ನೆಲದ ಮ್ಯಾಲ ಇಟ್ಟಿದ್ವಿ. ನಿಮ್ಮವು ವಿದ್ಯಾ ಅಲ್ರೀ? ಅದಕ್ಕ ಇದರ ಮ್ಯಾಲ ಇಟ್ಟೆ."

ಅವನು ತೋರಿಸಿದ್ದು ಭತ್ತದಲ್ಲಿನ ಮೊಳೆ, ತಂತಿಗಳನ್ನು ಹಿಡಿಯುವ ದಪ್ಪ ಅಯಸ್ಕಾಂತವನ್ನು. ಅದು ಮೊಳೆಯನ್ನಷ್ಟೇ ಹಿಡಿಯುವುದಿಲ್ಲ, ಫ್ಲಾಪಿಯಲ್ಲಿದ್ದದ್ದನ್ನೂ ಅಳಿಸಿಹಾಕುತ್ತದೆ ಎಂಬುದು ಪಾಪ, ಅವನಿಗೆ ಹೇಗೆ ಗೊತ್ತಾಗಬೇಕು?

ಎರಡು ವರ್ಷದ ಭಾನುವಾರಗಳೆಲ್ಲ ಆ ಫ್ಲಾಪಿಗಳಲ್ಲಿದ್ದವು. ಮಸ್ಕಿಯಿಂದ ಸಿಂಧನೂರಿನ ಈ ಮಿಲ್ಲಿಗೆ ಬಸ್ಸಿನಲ್ಲಿ ನಿಂತು ಬಂದು, ರಜೆಯಲ್ಲಿರುತ್ತಿದ್ದ ಗುಮಾಸ್ತನ ಕುರ್ಚಿಯಲ್ಲಿ ಕೂತು, ಮಕ್ಕಳಿಗಾಗಿ ಲೆಕ್ಕದ ಪಾಠಗಳನ್ನು ಮಾಡಿದ್ದರು. ಆ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಒಂದೊಂದು ಅಕ್ಷರವನ್ನೂ ಚುಕ್ಕಿಯ ಪಕ್ಕ ಚುಕ್ಕಿಯಿಟ್ಟು ಕೂಡಿಸಿದ್ದರು. ಮಿಲ್ಲಿನ ಬಿಲ್ಲುಗಳ ಜಾಗ ತಿನ್ನುತ್ತದೆಂದು ಗುಮಾಸ್ತ ಆ ಪಾಠಗಳನ್ನು ಕಂಪ್ಯೂಟರಿನೊಳಗೆ ಇಡಗೊಟ್ಟಿರಲಿಲ್ಲ. ಬಸ್ಸಿನ ನೂಕಾಟದಲ್ಲಿ ಮುರಿದಾವೆಂದು ಫ್ಲಾಪಿಗಳನ್ನು ಟೀಚರೇ ಇಲ್ಲಿ ಬಿಟ್ಟು ಹೋಗುತ್ತಿದ್ದರು. ನಾಳೆ ಮಸ್ಕಿಯ ತಮ್ಮ ಶಾಲೆಗೇ ಕಂಪ್ಯೂಟರ್ ಬರುವುದಿತ್ತು. ಮಕ್ಕಳಿಗೆ ಆಗಲೇ ಹೇಳಿಯೂ ಬಿಟ್ಟಿದ್ದರು.

ಅಯಸ್ಕಾಂತ ಎಲ್ಲ ಅಳಿಸಿತೆಂದು ಟೀಚರ್ ಹೇಳಿದ ಕೂಡಲೇ ಜಂಬಣ್ಣ, "ಎಷ್ಟಾಗತೈತಿ ಹೇಳ್ರಿ ಅಕ್ಕೋರ, ಹೈದರಾಬಾದಿಂದ ತರಸ್ತೀನಿ," ಎಂದ.

"ಇದು ಎಲ್ಲೂ ಮಾರಾಕ ಸಿಗಂಗಿಲ್ರಿ."

ಸಿಟ್ಟು ಮಾಡಬೇಕೆಂದರೆ ಎದುರಿಗಿದ್ದ ಮುಖ ಸಣ್ಣದಾಗಿತ್ತು. ಅಳುವೂ ಬರಲಿಲ್ಲ. ಬರೀ ಸುಸ್ತಾಯಿತು. ಯಾವ ಶಿಕ್ಷಕರ ಸಭೆಯಲ್ಲಿ ಹೇಳಿರಲಿಲ್ಲ ಅವರು? ಭಾನುವಾರ ಮಿಲ್ಲಿಗೆ ಖಾಲಿ ಫ್ಲಾಪಿ ತನ್ನಿ, ಕಾಪಿ ಮಾಡಿಕೊಡುತ್ತೇನೆ, ನಿಮ್ಮ ಮಕ್ಕಳಿಗೂ ಆಗಲಿ ಎಂದು. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವ ಜನ, ಇದೊಂದನ್ನು ಮಾತ್ರ ಒಬ್ಬರೂ ಒಯ್ದಿರಲಿಲ್ಲ. ಒಬ್ಬರು ಒಯ್ದಿದ್ದರೂ ಸಾಕಿತ್ತು.

ಅಷ್ಟರಲ್ಲಿ ಬಳಗಾನೂರು ಶಾಲೆಯ ಮಾಳಿಂಗಪ್ಪ ಮಾಸ್ತರರು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದರು. ಕೈಯಲ್ಲಿ ಕವರ್ ಬಿಚ್ಚದ ಹೊಸ ಫ್ಲಾಪಿ.

"ಅಂತೂ ಬಂದೆ ನೋಡ್ರಿ ಮೇಡಂ! ನಿಮ್ಮ ಪಾಠ ಇದರಾಗ ಹಾಕಿಕೊಡ್ರಿ."

"ಎರಡು ವರ್ಷದಿಂದ ಹೇಳಾಕತ್ತಿದ್ನೆಲ್ರಿ ಮಾಸ್ತರ."

"ಪುಗಸಟ್ಟೆ ಅಲ್ರೀ, ಎಲ್ಲಿ ಓಡಿ ಹೋಗತೈತಿ ಅಂತ ಸುಮ್ಮನಿದ್ದೆ."

ಕಲ್ಯಾಣಮ್ಮ ಟೀಚರ್ ಅಯಸ್ಕಾಂತವನ್ನು ಹೊರಗೆ ಒಯ್ಯುವಂತೆ ಜಂಬಣ್ಣನಿಗೆ ಸನ್ನೆ ಮಾಡಿದರು. ಮಾಸ್ತರರ ಫ್ಲಾಪಿಯನ್ನು ಇಸಿದುಕೊಂಡು ಹಾಕಿದರು. ಕುರ್ಚಿ ಎಳೆದುಕೊಂಡು ಕೂತು, ಕಣ್ಣು ಉಜ್ಜಿಕೊಂಡು, ಕೀಲಿಗಳನ್ನು ಒಂದೊಂದಾಗಿ ಒತ್ತತೊಡಗಿದರು.

ಸ್ವಲ್ಪ ಹೊತ್ತಿನ ಮೇಲೆ ಮಾಳಿಂಗಪ್ಪ ಮಾಸ್ತರರು ಬಗ್ಗಿ ನೋಡಿದರು.

"ಇದೇನ್ರಿ ಮೇಡಂ, ಬರೇ ಒಂದು ಚುಕ್ಕಿ ಕಾಣಾಕತ್ತೈತಿ?"

"ಸದ್ಯಕ್ಕ ಇಷ್ಟೇ ಐತ್ರಿ," ಎಂದರು ಟೀಚರ್, ಪರದೆಯಿಂದ ಕಣ್ಣು ತೆಗೆಯದೆ. "ಪುಗಸಟ್ಟೆ. ಒಯ್ತೀರೇನು?"