ಸಾಹೇಬರಿಗೆ ಕೊಟ್ಟ ನೀರು

ಬೋರ್ಡು ನೆಡಲು ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಗುರುಸಿದ್ದಮ್ಮ ಕೂತುಬಿಟ್ಟಳು. ಗುಂಡಿ ತೋಡಿದವನು ಅವಳ ಮಗ ನಾಗಯ್ಯನೇ. ಐವತ್ತು ವರ್ಷವಾದರೂ ಅವ್ವನಿಗೆ ಎದುರಾಡುವ ಧೈರ್ಯ ಬಾರದ ಅವನು ಹಾರೆ ಊರಿಕೊಂಡು ಆಕಾಶ ನೋಡುತ್ತಿದ್ದ. ಬೋರ್ಡು ತಂದಿದ್ದ ಸುಧಾಕರ್ ಮಾತ್ರ ಗಡಿಯಾರ ನೋಡಿ ನೋಡಿ ಬೆವೆತುಹೋದ.

ಇನ್ನೂರು ವರ್ಷಗಳ ಹಿಂದೆ ಕಂಪನಿಯ ಸಾಹೇಬನೊಬ್ಬ ಹೊಳೆ, ಕೆರೆ, ಬಾವಿಗಳ ಜಾಡು ಹಿಡಿದು ಚಾಮರಾಜನಗರದ ಕಡೆಯಿಂದ ಹಂಗಳದವರೆಗೆ ಬಂದಿದ್ದನಂತೆ. ಅವನು ನೀರು ಕುಡಿದಲ್ಲೆಲ್ಲ ಒಂದೊಂದು ಬೋರ್ಡು ನೆಟ್ಟು, ಆ ದಾರಿಗೆ 'ಜಲಪಥ' ಎಂದು ಹೆಸರಿಟ್ಟು, ಪ್ರವಾಸಿಗರನ್ನು ನಡೆಸುವುದು ಪ್ರವಾಸೋದ್ಯಮ ಇಲಾಖೆಯ ಯೋಜನೆ. ಕುದೇರಿನಿಂದ ಶುರುವಾಗಿ ಒಂಬತ್ತು ಬೋರ್ಡುಗಳು ತಕರಾರಿಲ್ಲದೆ ನಿಂತಿದ್ದವು. ಹತ್ತನೆಯದು ಗುರುಸಿದ್ದಮ್ಮನ ಹೊಲದ ಬಾವಿಗೆ. ಹನ್ನೊಂದು ಗಂಟೆಗೆ ಇಲಾಖೆಯ ಅಧಿಕಾರಿ ನೋಡಲು ಬರುತ್ತಾರೆ. ಅಷ್ಟರೊಳಗೆ ಬೋರ್ಡು ನಿಲ್ಲದಿದ್ದರೆ ಸುಧಾಕರನ ಗುತ್ತಿಗೆ ಕೆಲಸ ಈ ತಿಂಗಳಿಗೇ ಮುಗಿದಂತೆ.

"ಇನ್ನೊಂದ್ಸಲ ಓದಪ್ಪ ಅದ."

ಸುಧಾಕರ್ ಓದಿದ. "ಇಲ್ಲಿ ತಂಗಿದ್ದ ಸಾಹೇಬರಿಗೆ ಗ್ರಾಮಸ್ಥರು ಕುಡಿಯಲು ನೀರನ್ನು ಮಾತ್ರ ಕೊಟ್ಟರು."

"ನೀರ ಮಾತ್ರ! ಬರೀ ನೀರ ದನಕ್ ಇಡ್ತಾರೆ ಕಣಪ್ಪ. ಬಾಯಾರಿ ಬಂದೋರ್ಗೆ ಬೆಲ್ಲ ಇಲ್ದೆ ಚೊಂಬು ಕೊಟ್ಟ ಕೈ ಅಲ್ಲ ನಮ್ದು. ದಾರೀಲ್ ಓಗೋರೆಲ್ಲ ಇದ ಓದ್ಬುಟ್ಟು ನಮ್ ಊರ್ನ ಏನಂದ್ಕಂಡಾರು?"

"ಸಾಹೇಬರೇ ಡೈರಿಯಲ್ಲಿ ಬರೆದಿರೋದು ಅವ್ವಾ. ನಾನು ಕನ್ನಡಕ್ಕೆ ಹಾಕಿದೆ, ಅಷ್ಟೆ."

"ತಿಂದ್ಬುಟ್ಟು ಮರ್ತವ್ನೆ. ಬೆಳಗ್ಗೆ ನೀ ಬಂದಾಗ ನಾ ಏನ್ ಕೊಟ್ಟೆ?"

"ಬೆಲ್ಲ, ನೀರು."

"ಎಷ್ಟ್ ತುಂಡು ತಿಂದೆ?"

"ಎರಡು."

"ಮೂರು," ಎಂದ ನಾಗಯ್ಯ. ಬೆಳಗಿನಿಂದ ಅವನು ಬಾಯಿಬಿಟ್ಟದ್ದು ಅದೇ ಮೊದಲು.

ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಸಿಗ್ನಲ್ಲಿಗಾಗಿ ಸುಧಾಕರ್ ಬಾವಿಕಟ್ಟೆ ಹತ್ತಿ ನಿಂತು ಕೇಳಿಸಿಕೊಂಡ. ಜೀಪು ಗುಂಡ್ಲುಪೇಟೆ ಬಿಟ್ಟಾಗಿತ್ತು.

ಇತಿಹಾಸವನ್ನು ತಿದ್ದಬಾರದೆಂದು ಅವನಿಗೆ ಗೊತ್ತಿತ್ತು. ಆದರೆ ಪಾಪ, ಇತಿಹಾಸ ಅವನಿಗೆ ಸಂಬಳ ಕೊಡುತ್ತಿರಲಿಲ್ಲ. ಎತ್ತಿನ ಕೊಂಬಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣವನ್ನು ನಾಗಯ್ಯ ತಂದುಕೊಟ್ಟ. ಸುಧಾಕರ್ 'ಮಾತ್ರ' ಎಂಬುದನ್ನು ಬಣ್ಣದಲ್ಲಿ ಮುಳುಗಿಸಿ, 'ನೀರನ್ನು' ಎಂಬುದರ ಹಿಂದೆ ಇದ್ದ ಜಾಗದಲ್ಲಿ ಇರುಕಿಸಿ 'ಬೆಲ್ಲ' ಎಂದು ಬರೆದ. ಗುರುಸಿದ್ದಮ್ಮನಿಗೆ ಓದು ಬಾರದು. ಮೂರು ಸಲ ಓದಿಸಿ ಕೇಳಿ, ಆಮೇಲೇ ಗುಂಡಿಯಿಂದ ಕಾಲು ತೆಗೆದಳು. ಬೋರ್ಡು ನಿಂತಿತು. ಸುಧಾಕರನಿಗೆ ಹೋದ ಜೀವ ಬಂದಂತಾಯಿತು.

ಜೀಪು ಬಂದಾಗ ಅವಳು ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಹಿಡಿದು ಖುಷಿಯಿಂದ ಎದುರಿಗೇ ಬಂದಳು. ಅಧಿಕಾರಿ ಬೋರ್ಡಿನ ಕಡೆ ಒಮ್ಮೆ ತಲೆ ಆಡಿಸಿದರು. ಓದಲಿಲ್ಲ. ಜೇಬಿನಿಂದ ಅಳತೆ ಟೇಪು ತೆಗೆದರು.

"ಸುಧಾಕರ್, ಆ ತುದಿ ಹಿಡೀರಿ. ಬಾವಿ ಸುತ್ತ ಬೇಲಿ ಹಾಕ್ಬೇಕು. ಕಾರು ನಿಲ್ಲಿಸೋಕೆ ಜಾಗ ಬೇಕಲ್ಲ, ಬೇಲಿ ಆ ಸೂರ್ಯಕಾಂತಿ ಸಾಲಿನವರೆಗೂ ಬರಬಹುದು."

ಗುರುಸಿದ್ದಮ್ಮ ನಿಂತಲ್ಲೇ ನಿಂತಳು. ಟೇಪು ಅವಳ ಕಾಲ ಮುಂದೆಯೇ ಹರಿದುಹೋಯಿತು.

"ಏನಪ್ಪಾ, ಆ ಸಾಹೇಬ ಯಾತುಕ್ಕೆ ಬಂದಿದ್ದ ನಮ್ಮೂರ್ಗೆ?"

"ಇದಕ್ಕೇ ಅವ್ವಾ," ಎಂದ ಸುಧಾಕರ್, ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದು. "ಊರೂರು ಅಳೆದು ಬರ್ಕೊಂಡು ಹೋಗೋಕೆ."

ಗುರುಸಿದ್ದಮ್ಮ ಬೆಲ್ಲದ ತಟ್ಟೆಯನ್ನು ಸೆರಗಿನ ಒಳಗೆ ಸೇರಿಸಿದಳು. ಚೊಂಬನ್ನಷ್ಟೇ ಅಧಿಕಾರಿಯ ಕೈಗಿಟ್ಟು, ಮಗನ ಕಡೆ ತಿರುಗಿದಳು.

"ನಾಗ, ಆ ಬಣ್ಣ ಒರಸ್ಬುಡ್ಲಾ, ಒಣಗೋದ್ರೊಳಗೆ. ನಮ್ಮೋರು ತಿಳ್ಕಂಡೇ ನೀರ ಮಾತ್ರ ಕೊಟ್ಟವ್ರೆ."